318 ಬರುವ ತನಕ

ಅಂತರಜಾಲದ ಹಳೆಯ ಹರಟೆಕಟ್ಟೆಯಾದ ಐಆರ್‌ಸಿಯ ಸರ್ವರ್ ಆಡುವ ಮಾತನ್ನು, ಅದು ತಂತಿಯಲ್ಲಿ ಹರಿದು ಬಂದ ಹಾಗೇ ಓದುವುದರಲ್ಲಿ ಒಂದು ಸೊಗಸಿದೆ. ಚಾಟ್ ಕಿಟಕಿ ನಮಗೆ ತೋರಿಸುವುದು ಒಪ್ಪ ಮಾಡಿಟ್ಟ ಮಾತು. ಅಸಲಿ ಸಾಲಿನ ಚೆಲುವೇ ಬೇರೆ. ಮೊದಲಿಗೊಂದು ಕೋಲನ್, ಅದಕ್ಕೆ ಅಂಟಿಕೊಂಡು ಕಳಿಸಿದವರ ಹೆಸರು. ಒಂದು ಖಾಲಿ ಜಾಗ ಬಿಟ್ಟು ಮೂರಂಕಿಯ ಸಂಖ್ಯೆ, ಇಲ್ಲವೇ ಒಂದು ಆದೇಶದ ಪದ. ಆಮೇಲೆ ಒಂದೊಂದೇ ವಿವರ. ಕೊನೆಯಲ್ಲಿ ಮತ್ತೊಂದು ಕೋಲನ್. ಅದರಾಚೆಗಿನದು ನಡುವೆ ಎಷ್ಟು ಖಾಲಿ ಜಾಗವಿದ್ದರೂ ಒಡೆಯದ ಒಂದೇ ಇಡೀ ಮಾತು. ಇಷ್ಟೇ ವ್ಯಾಕರಣ. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ 1988ರಲ್ಲಿ ಹುಟ್ಟುಹಾಕಿದ ಈ ಮಾತುಕತೆಯ ಕಟ್ಟಳೆಗಳನ್ನು ಅವರೂ ಡ್ಯಾರೆನ್ ರೀಡರೂ ಸೇರಿ 1993ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 1459 ಎಂಬ ದಾಖಲೆಯಾಗಿ ಬರೆದಿಟ್ಟರು. ಸಾಲು ಮುಗಿಸುವ ಎರಡು ಗುರುತುಗಳೂ ಸೇರಿ ಒಂದು ಸಾಲಿಗೆ 512 ಬೈಟ್. ಆ ಪುಟ್ಟ ಅಳತೆಯೊಳಗೆ ಜಗತ್ತಿನ ಮಾತೆಲ್ಲ ಹಿಡಿಯಿತು.

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪೊಂದು ಇದೇ ಕೆಲಸಕ್ಕೆಂದು ಸದಾ ಚಾಲೂ ಇರುತ್ತದೆ. ಅದರಲ್ಲಿರುವುದು ಎಗ್‌ಡ್ರಾಪ್. ರೋಬಿ ಪಾಯಿಂಟರ್ 1993ರ ಡಿಸೆಂಬರ್‌ನಲ್ಲಿ ಬರೆಯಲು ತೊಡಗಿದ ಬಾಟ್ ಅದು, ಎಂದರೆ ಚಾಟ್‌ನಲ್ಲಿ ತಾನಾಗಿಯೇ ಆಲಿಸಿ ಉತ್ತರಿಸುವ ಪ್ರೋಗ್ರಾಂ. ಟಿಸಿಎಲ್ ಭಾಷೆಯಲ್ಲಿ ನಾವು ಹೇಳಿಕೊಟ್ಟದ್ದನ್ನು ಕಲಿಯುತ್ತದೆ. ಸರ್ವರ್ ಆಗಾಗ ‘ಪಿಂಗ್’ ಎಂದು ಕೂಗಿ, ಜೀವಂತ ಇದ್ದೀಯಾ ಎಂದು ವಿಚಾರಿಸುತ್ತದೆ. ಬಾಟ್ ಅದೇ ಮಾತನ್ನು ಹಿಂದಿರುಗಿಸಿ ‘ಪಾಂಗ್’ ಎನ್ನುತ್ತದೆ. ನಡುರಾತ್ರಿಯಲ್ಲೂ ತಪ್ಪದ ಆ ಕೊಡು-ಕೊಳ್ಳುವಿಕೆಯ ಮೇಲೆ ಉಳಿದ ಕುಶಲತೆಯೆಲ್ಲ ನಿಂತಿದೆ.

ಆ ಕುಶಲತೆಯ ರುಚಿ ತಿಳಿಯಬೇಕಾದರೆ ‘ಹೂಈಸ್’ ಆದೇಶವನ್ನೇ ನೋಡಬೇಕು. ಒಬ್ಬರ ಹೆಸರು ಕೊಟ್ಟು, ಇವರು ಯಾರು ಎಂದು ಬಾಟ್ ಕೇಳುತ್ತದೆ. ಉತ್ತರ ಒಂದೇ ಸಾಲಿನಲ್ಲಿ ಬರುವುದಿಲ್ಲ. ಮೊದಲು 311: ಹೆಸರು, ಬಳಕೆದಾರ ಗುರುತು, ವಿಳಾಸ, ಕೊನೆಯ ಕೋಲನ್ ಆಚೆ ಅವರು ಹೇಳಿಕೊಂಡ ಪೂರ್ಣ ನಾಮಧೇಯ. ಬಳಿಕ 319, ಅವರು ಕೂತಿರುವ ಚಾನೆಲ್‌ಗಳು. 312, ಯಾವ ಸರ್ವರ್ ಮೂಲಕ ಬಂದರು ಎಂಬುದು. 317, ಎಷ್ಟು ಸೆಕೆಂಡುಗಳಿಂದ ಸುಮ್ಮನಿದ್ದಾರೆ, ಯಾವ ಗಳಿಗೆಯಲ್ಲಿ ಒಳಬಂದರು ಎಂಬ ಲೆಕ್ಕ. ಕೊನೆಗೆ 318: ಇಲ್ಲಿಗೆ ಮುಗಿಯಿತು. ಈ ನಡುವೆ ಬೇರೆಯವರ ಹರಟೆ, ಒಬ್ಬರು ಒಳಬಂದದ್ದು, ಇನ್ನೊಬ್ಬರು ಎದ್ದುಹೋದದ್ದು ಎಲ್ಲವೂ ಅದೇ ತಂತಿಯಲ್ಲಿ ಬೆರೆತು ಹರಿಯುತ್ತಿರುತ್ತದೆ. ಬಾಟ್ ತನಗೆ ಬೇಕಾದ ಸಂಖ್ಯೆಗಳಿಗೆ ಮಾತ್ರ ‘ಬೈಂಡ್ ರಾ’ ಎಂದು ಕಿವಿಗೊಟ್ಟು ಕೂತಿರುತ್ತದೆ. ಪ್ರತಿ ಉತ್ತರದ ಮೊದಲ ಪದ ಬಾಟ್‌ನದೇ ಹೆಸರು, ಎರಡನೆಯದು ನಾವು ಕೇಳಿದವರ ಹೆಸರು. ಆ ಎರಡನೆಯ ಪದವನ್ನು ಹಿಡಿದು, ಅದರ ಹೆಸರಿನಲ್ಲೊಂದು ಪಟ್ಟಿ ತೆರೆದು, ಬಂದದ್ದನ್ನೆಲ್ಲ ಅಲ್ಲಿ ಕೂಡಿಡುತ್ತಾ ಹೋಗಬೇಕು. ಪಂಕ್ತಿಯಲ್ಲಿ ಕೂತ ಹಿರಿಯರು ಬಡಿಸುವುದು ಪೂರ್ತಿ ಮುಗಿಯುವ ತನಕ ಎಲೆಗೆ ಕೈ ಹಾಕದ ಹಾಗೆ, ಒಳ್ಳೆಯ ಬಾಟ್ 318 ಬರುವ ತನಕ ಬಾಯಿ ಬಿಡುವುದಿಲ್ಲ. ಕೇಳಿದ ವ್ಯಕ್ತಿ ಅಲ್ಲಿ ಇಲ್ಲದಿದ್ದರೆ 401 ಬರುತ್ತದೆ. ಆಗಲೂ ಅದರ ಬೆನ್ನಿಗೆ 318 ಬಂದು ಮಾತನ್ನು ಕಟ್ಟಿ ಮುಗಿಸುತ್ತದೆ. ಇಲ್ಲ ಎನ್ನುವುದನ್ನೂ ಇಷ್ಟು ಅಚ್ಚುಕಟ್ಟಾಗಿ ಹೇಳುವ ಮರ್ಯಾದೆ ನನಗೆ ಬಲು ಇಷ್ಟ.

ಹೆಸರುಗಳನ್ನು ಹೋಲಿಸುವಾಗ ಇನ್ನೊಂದು ಸಣ್ಣ ಸಿಹಿ ಸಿಗುತ್ತದೆ. ಈ ಕಟ್ಟಳೆಯ ಪ್ರಕಾರ ಹೂ ಆವರಣ ಚಿಹ್ನೆಯು ಚೌಕ ಆವರಣದ ಸಣ್ಣಕ್ಷರ; ಎರಡರಲ್ಲಿ ಯಾವುದನ್ನು ಬರೆದರೂ ಹೆಸರು ಒಂದೇ. ಕಾರಣ ಫಿನ್ಲೆಂಡಿನಲ್ಲಿದೆ. ಅಲ್ಲಿನ ಹಳೆಯ ಏಳು ಬಿಟ್ ಸಂಕೇತದಲ್ಲಿ ಆ ಚಿಹ್ನೆಗಳ ಜಾಗದಲ್ಲಿ ಅವರ ಭಾಷೆಯ ಚುಕ್ಕೆಯಿಟ್ಟ, ಸೊನ್ನೆಯಿಟ್ಟ ಸ್ವರಗಳು ಇದ್ದವು. ಊರಿನ ಲಿಪಿ ಹೀಗೆ ಜಗತ್ತಿನ ಕಟ್ಟಳೆಯಲ್ಲಿ ನೆಲೆಯೂರಿತು. ಬಾಟ್ ಬರೆಯುವಾಗ ಈ ನಿಯಮವನ್ನೂ ಪಾಲಿಸಿದರೆ ಯಾರನ್ನೂ ಬೇರೆಯವರೆಂದು ತಪ್ಪು ತಿಳಿಯುವ ಪ್ರಮೇಯವಿಲ್ಲ.

ನನ್ನ ಪಾಲಿನ ಹಬ್ಬದೂಟ ಮಾತ್ರ ಕನ್ನಡದ್ದೇ. ವಿಕಿಮೀಡಿಯದ ಐಆರ್‌ಸಿ ಸರ್ವರ್‌ನಲ್ಲಿ ಪ್ರತಿ ವಿಕಿಗೂ ಒಂದೊಂದು ಚಾನೆಲ್ ಇದೆ. ಕನ್ನಡ ವಿಕಿಪೀಡಿಯಕ್ಕೂ ಇದೆ. ಅಲ್ಲಿ ನಾವು ಮಾತಾಡುವಂತಿಲ್ಲ, ಕೇಳಿಸಿಕೊಳ್ಳಬಹುದು ಅಷ್ಟೆ. ಯಾರಾದರೂ ಲೇಖನವೊಂದನ್ನು ತಿದ್ದಿದ ಕೂಡಲೇ ಒಂದು ಸಾಲು ಇಳಿಯುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಬಣ್ಣದ ಸಂಕೇತಗಳಿರುತ್ತವೆ: ಆವರಣಗಳಿಗೆ ಬೂದು 14, ಲೇಖನದ ಹೆಸರಿಗೆ ಕಿತ್ತಳೆ 07, ಕೊಂಡಿಗೆ ನೀಲಿ 02, ತಿದ್ದಿದವರ ಹೆಸರಿಗೆ ಹಸಿರು 03, ಕೊನೆಯಲ್ಲಿ ಟಿಪ್ಪಣಿಗೆ 10. ಮನುಷ್ಯರ ಕಣ್ಣಿಗೆಂದು ಬಳಿದ ಬಣ್ಣಗಳೇ ಬಾಟ್‌ಗೆ ಗಡಿರೇಖೆಗಳಾಗುತ್ತವೆ. 07 ಕಂಡಲ್ಲಿಂದ ಮುಂದಿನ 14ರ ತನಕ ಕತ್ತರಿಸಿದರೆ, ಹೂವಿನಷ್ಟು ಹಗುರಾಗಿ ಲೇಖನದ ಹೆಸರು ಕೈಗೆ ಬರುತ್ತದೆ.

ಆ ಸಾಲಿನ ಇನ್ನೊಂದು ಕಡೆ ಆವರಣದೊಳಗೆ ಒಂದು ಲೆಕ್ಕವಿರುತ್ತದೆ: ಎಷ್ಟು ಬೈಟ್ ಹೆಚ್ಚಾಯಿತು, ಎಷ್ಟು ಕಡಿಮೆಯಾಯಿತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ದಾವಣಗೆರೆ’ ಎಂಬುದು ಕಣ್ಣಿಗೆ ಐದು ಅಕ್ಷರ. ದೀರ್ಘ, ಎತ್ವಗಳನ್ನೆಲ್ಲ ಬಿಡಿಸಿ ಎಣಿಸಿದರೆ ಎಂಟು ಸಂಕೇತ, ಒಟ್ಟು 24 ಬೈಟ್. ‘ಹರಿಹರ’ಕ್ಕೆ 15. ಯಾವುದೋ ಲೇಖನದಲ್ಲಿ ನಮ್ಮೂರಿನ ಹೆಸರೊಂದನ್ನೇ ಸೇರಿಸಿದರೂ ಆ ಸಾಲಿನಲ್ಲಿ ಕೂಡು ಚಿಹ್ನೆಯೊಡನೆ 24 ಎಂದು ಮೂಡುತ್ತದೆ. ಆ ಅಂಕಿಯಲ್ಲಿ ದೀರ್ಘ, ಎತ್ವಗಳ ತೂಕವೂ ಇದೆ ಎಂದು ಗೊತ್ತಿದ್ದು ನೋಡುವ ಸುಖವೇ ಸುಖ.

ಇದರಿಂದಲೇ ಕನ್ನಡದ ಬಾಟ್ ಬರೆಯುವವರ ಕೈಗೆ ಒಂದು ವಿಶೇಷ ನಯ ಬರುತ್ತದೆ. ಜಾಲದಿಂದ ಬೈಟ್‌ಗಳು ಬಂದಷ್ಟು ಬರುತ್ತವೆ. ಒಂದು ಕಂತು ‘ಣ’ಕಾರದ ನಡುವೆಯೇ ಮುಗಿಯಬಹುದು. ಅವಸರಪಟ್ಟು ಆಗಲೇ ಅಕ್ಷರವಾಗಿಸಲು ಹೋದರೆ ಪ್ರಶ್ನಾರ್ಥಕದ ಪೆಟ್ಟಿಗೆ ಕಾಣುತ್ತದೆ. ಬಂದದ್ದನ್ನು ಬೈಟ್‌ಗಳಾಗಿಯೇ ಕೂಡಿಟ್ಟು, ಸಾಲು ಮುಗಿಸುವ ಗುರುತು ಬಂದ ಮೇಲೆ, ಇಡೀ ಸಾಲನ್ನು ಒಮ್ಮೆಗೇ ಕನ್ನಡವಾಗಿಸಬೇಕು. ಆಗ ಒತ್ತಕ್ಷರ ಸಮೇತ, ಎಲ್ಲೂ ಮುಕ್ಕಾಗದೆ, ಪದ ತುಂಬಿಕೊಂಡು ನಿಲ್ಲುತ್ತದೆ.

ವಿಕಿ ತಿದ್ದುಪಡಿಗಳ ಇದೇ ಸುದ್ದಿಯನ್ನು ಜೇಸಾನ್ ರೂಪದಲ್ಲಿ, ಪ್ರತಿ ಅಂಶಕ್ಕೂ ಹೆಸರಿಟ್ಟು ಕೊಡುವ ವಿಕಿಮೀಡಿಯದ ಇವೆಂಟ್‌ಸ್ಟ್ರೀಮ್ಸ್ ಈಗ ಇದೆ. ಅನುಕೂಲ ಅಲ್ಲಿ ಹೆಚ್ಚು. ಸಾಲನ್ನು ನಾವೇ ಆಲಿಸಿ, ಬಿಡಿಸಿ, ಕೂಡಿಸುವ ರಸ ಇಲ್ಲಿ ಹೆಚ್ಚು. ಅದನ್ನು ಸವಿಯಲು ಬಾಟ್ ಕೂಡ ಬೇಕಿಲ್ಲ. ಲಿಬೆರಾ ಚಾಟ್ ಎಂಬ ಐಆರ್‌ಸಿ ಜಾಲದ 6667ನೇ ಪೋರ್ಟಿಗೆ ಟೆಲ್‌ನೆಟ್‌ನಲ್ಲಿ ಹೋಗಿ, ‘ನಿಕ್’ ಎಂದು ಹೆಸರು ಹೇಳುವ ಒಂದು ಸಾಲು, ‘ಯೂಸರ್’ ಎಂದು ಗುರುತು ಹೇಳುವ ಇನ್ನೊಂದು ಸಾಲು ಕೈಯಾರೆ ಬರೆಯಿರಿ. 001 ಎಂಬ ಸಂಖ್ಯೆಯೊಡನೆ ಸ್ವಾಗತ ಬರುತ್ತದೆ. ನಿಮ್ಮದೇ ಹೆಸರಿಗೆ ‘ಹೂಈಸ್’ ಕೇಳಿ, 311ರಿಂದ ಒಂದೊಂದೇ ಸಾಲನ್ನು ನಿಧಾನವಾಗಿ ಓದಿ. ಯಂತ್ರವೊಂದು ನಮ್ಮ ಬಗ್ಗೆ ಇಷ್ಟು ಕಡಿಮೆ ಮಾತಿನಲ್ಲಿ, ಇಷ್ಟು ಕ್ರಮವಾಗಿ ಹೇಳಬಲ್ಲದು ಎಂಬುದು ಅಲ್ಲೇ ಮನದಟ್ಟಾಗುತ್ತದೆ.