ಚಹಾ ತೋಟದ ಬಾಯಿಗಳು ಹೇಳಿದ್ದು

ಒಸಡಿನ ರೋಗದ ಬಗ್ಗೆ ದಂತವೈದ್ಯರು ಇವತ್ತು ಹೇಳುವ ಬಹಳಷ್ಟು ಮಾತಿಗೆ ಎರಡು ಅಧ್ಯಯನಗಳು ಆಧಾರ. ಎರಡರ ಮುಂದಾಳೂ ನಾರ್ವೆಯ ಹೆರಾಲ್ಡ್ ಲೋಯೆ. ಒಂದು ಡೆನ್ಮಾರ್ಕಿನಲ್ಲಿ ಕೆಲವೇ ವಾರಗಳಲ್ಲಿ ಮುಗಿಯಿತು, ಇನ್ನೊಂದು ಶ್ರೀಲಂಕಾದ ಚಹಾ ತೋಟಗಳಲ್ಲಿ ಹದಿನೈದು ವರ್ಷ ನಡೆಯಿತು. ಮೊದಲನೆಯದನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು. ಮನಸ್ಸನ್ನು ಕಾಡುವುದೂ ಅದೇ.

1965ರಲ್ಲಿ ಪ್ರಕಟವಾದ ಮೊದಲ ಪ್ರಯೋಗ ತೀರಾ ಸರಳ. ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಒಸಡು ಗಟ್ಟಿಮುಟ್ಟಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡಿನಲ್ಲೂ ಉರಿಯೂತ ಕಾಣಿಸಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಒಸಡು ಮೊದಲಿನಂತಾಯಿತು. ಹಲ್ಲು ಮತ್ತು ಒಸಡು ಕೂಡುವ ಅಂಚಿನಲ್ಲಿ ಕಟ್ಟುವ ಅಂಟು ಪೊರೆ, ಅಂದರೆ ಪಾಚಿಯೇ ಇದಕ್ಕೆ ಕಾರಣ ಎಂಬುದು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಯಿತು. ನಮ್ಮಲ್ಲಿ ಉಜ್ಜುವಾಗ ರಕ್ತ ಬಂದರೆ ‘ಉಷ್ಣ ಆಗಿದೆ’ ಎಂದು ಎಳನೀರು ಕುಡಿದು ಸುಮ್ಮನಾಗುವವರು ಇವತ್ತಿಗೂ ಇದ್ದಾರೆ. ಇನ್ನು ಕೆಲವರು ರಕ್ತ ಬರುವ ಜಾಗಕ್ಕೆ ಬ್ರಶ್ ತಾಗಿಸುವುದನ್ನೇ ಬಿಡುತ್ತಾರೆ. ಹೆಚ್ಚು ಗಮನ ಬೇಕಾದ ಜಾಗ ಅದೇ. ಬ್ರಶ್ಶನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಮೆಲ್ಲಗೆ ಆಡಿಸಬೇಕು, ಹಲ್ಲಿನ ಸಂದುಗಳಿಗೆ ದಾರವನ್ನೋ ಪುಟ್ಟ ಬ್ರಶ್ಶನ್ನೋ ತೂರಿಸಬೇಕು.

ಆದರೆ ಆ 12 ಮಂದಿಗೆ ಬಂದದ್ದು ವಾಸಿಯಾಗುವ ಹಂತದ ಕಾಯಿಲೆ. ಹಲ್ಲು ಬೀಳಿಸುವುದು ಅದರ ಮುಂದಿನ ಹಂತ. ಅದರಲ್ಲಿ ಬೇರನ್ನು ಹಿಡಿದಿರುವ ನಾರು ಮತ್ತು ಎಲುಬು ಕರಗುತ್ತವೆ. ಕರಗಿದ ಎಲುಬು ಸಾಮಾನ್ಯವಾಗಿ ತಾನಾಗಿ ಮರಳುವುದಿಲ್ಲ. ಚಿಕಿತ್ಸೆಯಿಂದ ಆಗುವುದೆಂದರೆ ಬಹುಮಟ್ಟಿಗೆ ಮುಂದಿನ ನಷ್ಟವನ್ನು ತಡೆಯುವುದು. ಒಂದು ಹಂತ ಇನ್ನೊಂದಕ್ಕೆ ಹೇಗೆ ಸಾಗುತ್ತದೆ, ಯಾರಲ್ಲಿ ಸಾಗುತ್ತದೆ ಎಂದು ತಿಳಿಯಲು ವರ್ಷಗಟ್ಟಲೆ ನೋಡಬೇಕಿತ್ತು. ಹಾಗೆ ನೋಡಿದ್ದು ಶ್ರೀಲಂಕಾದಲ್ಲಿ.

1970ರಲ್ಲಿ 480 ಗಂಡಾಳುಗಳ ಬಾಯಿ ಪರೀಕ್ಷೆಯಾಯಿತು. ಬ್ರಶ್ಶಿನ ರೂಢಿ ಅವರಿಗಿರಲಿಲ್ಲ, ದಂತವೈದ್ಯರ ಆರೈಕೆಯೂ ಸಿಕ್ಕಿರಲಿಲ್ಲ. ಹುಳುಕು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಆದರೆ ಪಾಚಿ, ಅದು ಗಟ್ಟಿಯಾಗಿ ಕಟ್ಟಿದ ಕಲ್ಲು, ಕೆಂಪು ಒಸಡು ಎಲ್ಲರಿಗೂ ಇದ್ದವು. 1986ರಲ್ಲಿ ಬಂದ ಫಲಿತಾಂಶ ಅವರನ್ನು ಮೂರು ಗುಂಪು ಮಾಡಿತು. ಶೇ. 8 ಜನರಲ್ಲಿ ರೋಗ ಓಡಿತು, ಶೇ. 81 ಜನರಲ್ಲಿ ನಡೆಯಿತು, ಶೇ. 11 ಜನರಲ್ಲಿ ಒಸಡಿನ ಉರಿಯೂತದಾಚೆಗೆ ಹೋಗಲೇ ಇಲ್ಲ. ಮೊದಲ ಗುಂಪಿನವರಿಗೆ 45ರ ವಯಸ್ಸಿಗೆ ಬೇರಿನ ಹಿಡಿತ ಸರಾಸರಿ 13 ಮಿಲಿಮೀಟರ್‌ನಷ್ಟು ತಪ್ಪಿತ್ತು. ಬೇರಿನ ಉದ್ದವೇ ಸುಮಾರು ಅಷ್ಟು. ಅಷ್ಟರಲ್ಲಿ ಅವರ ಬಾಯಿ ಬರಿದಾಗಿತ್ತು.

‘ನಮ್ಮಜ್ಜ ಬ್ರಶ್ ಮುಟ್ಟಿದವನಲ್ಲ, ಎಂಬತ್ತರಲ್ಲೂ ಕಬ್ಬು ಸಿಗಿಯುತ್ತಿದ್ದ’ ಎಂಬ ವಾದಕ್ಕೆ ಇಷ್ಟು ಒಳ್ಳೆಯ ಉತ್ತರ ಬೇರೆಲ್ಲೂ ಸಿಗದು. ಅಜ್ಜ ಸುಳ್ಳಲ್ಲ, ಆತ ಆ ಶೇ. 11ರಲ್ಲಿ ಒಬ್ಬ. ಮೊಮ್ಮಗ ಯಾವ ಗುಂಪಿನವನೆಂದು ಇಪ್ಪತ್ತರ ವಯಸ್ಸಿನಲ್ಲಿ ಅವನ ಮುಖ ನೋಡಿ ಯಾರೂ ಹೇಳಲಾರರು. ಪಾಚಿಯಿಲ್ಲದೆ ರೋಗವಿಲ್ಲ, ಆದರೆ ಎಷ್ಟು ಬೇಗ ಎಂಬುದನ್ನು ದೇಹದ ಪ್ರಕೃತಿ, ಬೀಡಿ ಸಿಗರೇಟು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ತೀರ್ಮಾನಿಸುತ್ತವೆ. ಒಸಡಿನ ರೋಗಕ್ಕೆ ಈಗ ಬಳಕೆಯಲ್ಲಿರುವ ವರ್ಗೀಕರಣದ ಎ, ಬಿ, ಸಿ ದರ್ಜೆಗಳೂ ರೋಗದ ವೇಗವನ್ನೇ ಅಳೆಯುತ್ತವೆ. ಹೊಗೆ ಸೇದುವವರಿಗೆ ರಕ್ತ ಕಡಿಮೆ ಬರುವುದರಿಂದ ಒಸಡು ಚೆನ್ನಾಗಿದೆ ಎಂಬ ಭ್ರಮೆಯೂ ಹುಟ್ಟುತ್ತದೆ.

ಅಧ್ಯಯನದ ಕೊರತೆಗಳು ಚಿಕ್ಕವಲ್ಲ. ಚಹಾ ತೋಟವೆಂದರೆ ಎಲೆ ಕೀಳುವ ಹೆಂಗಸರು. ಅವರ ಒಂದು ಬಾಯಿಯನ್ನೂ ಇದು ನೋಡಲಿಲ್ಲ. ಹೋಲಿಕೆಗೆ ಆರಿಸಿಕೊಂಡದ್ದು ನಾರ್ವೆಯ ವಿದ್ಯಾವಂತ ಗಂಡಸರನ್ನು. ಅಲ್ಲಿಗೂ ಇಲ್ಲಿಗೂ ಬ್ರಶ್ ಒಂದೇ ವ್ಯತ್ಯಾಸವಲ್ಲ, ಊಟ, ಕೂಲಿ, ಎಲೆಯಡಿಕೆ ಎಲ್ಲವೂ ಬೇರೆ. 1985ರ ಹೊತ್ತಿಗೆ 480ರಲ್ಲಿ ಉಳಿದವರು 161. ಎಲ್ಲಕ್ಕಿಂತ ಭಾರವಾದದ್ದು ಇನ್ನೊಂದು. ಈ ಜ್ಞಾನದ ಬೆಲೆ ನಿಂತಿರುವುದೇ ಆ ಕೂಲಿಗಳಿಗೆ ಆರೈಕೆ ಸಿಗದೆ ಹೋದುದರ ಮೇಲೆ. ಆರ್ಹಸ್‌ನ ವಿದ್ಯಾರ್ಥಿಗಳಿಗೆ ಉರಿಯೂತ ಕಂಡ ಕೂಡಲೇ ಬ್ರಶ್ ಮರಳಿ ಸಿಕ್ಕಿತು. ಅದೇ ಲೋಯೆ, ಉಜ್ಜಿದರೆ ವಾರದಲ್ಲಿ ಒಸಡು ಸರಿಹೋಗುತ್ತದೆಂದು 1965ರಲ್ಲೇ ಅರಿತಿದ್ದವರು, ತೋಟದಲ್ಲಿ ಮತ್ತೆ ಮತ್ತೆ ಅಳತೆ ತೆಗೆದರು. ಇದನ್ನು ನಾನು ಒಪ್ಪಲಾರೆ. ಫಲಿತಾಂಶವನ್ನು ಕೈಬಿಡಲೂ ಆರೆ. ಆ ಜನರಿಗೆ ನಾವು ಋಣಿಗಳು ಎಂದಾದರೂ ಪಠ್ಯಪುಸ್ತಕಗಳು ಹೇಳಬೇಕು.

ನಮ್ಮ ಕ್ಲಿನಿಕ್ಕುಗಳು ಇದರಿಂದ ಕಲಿಯಬೇಕಾದದ್ದು ಅಳತೆ. ಕಪ್ಪು ಗೆರೆಗಳಿರುವ ತೆಳುವಾದ ಕಡ್ಡಿಯನ್ನು ಹಲ್ಲು ಮತ್ತು ಒಸಡಿನ ನಡುವೆ ಮೆಲ್ಲಗೆ ಇಳಿಸಿ, ಪ್ರತಿ ಹಲ್ಲಿಗೆ ಆರು ಕಡೆ ‘ಎರಡು, ಮೂರು, ಎರಡು’ ಎಂದು ಮಿಲಿಮೀಟರ್ ಲೆಕ್ಕದಲ್ಲಿ ಓದುತ್ತಾ ಹೋಗಬೇಕು. ಐದು, ಆರು ಬಂದಲ್ಲಿ ನಿಂತು ನೋಡಬೇಕು. ಹಲವು ಕಡೆ ಇದನ್ನು ಬಿಟ್ಟು ನೇರವಾಗಿ ಕ್ಲೀನಿಂಗ್‌ಗೆ ಇಳಿಯುತ್ತಾರೆ. ಬೇರಿನ ಸುತ್ತ ಕಟ್ಟಿದ್ದ ಕಲ್ಲು ಹೋದ ಮೇಲೆ ಸಂದು ಕಾಣುತ್ತದೆ, ಜುಮ್ಮೆನ್ನುತ್ತದೆ, ಆಗ ರೋಗಿ ‘ಕ್ಲೀನ್ ಮಾಡಿಸಿ ಹಲ್ಲು ಸಡಿಲವಾಯಿತು’ ಎಂದು ಊರಿಗೆಲ್ಲ ಹೇಳುತ್ತಾನೆ. ಎಲುಬು ಮೊದಲೇ ಕರಗಿತ್ತೆಂದು ಅಳೆದು ತೋರಿಸಿದ್ದರೆ ಆ ಮಾತು ಹುಟ್ಟುತ್ತಿರಲಿಲ್ಲ.

2010ರಲ್ಲಿ ಆ ತೋಟದವರಲ್ಲಿ 75 ಮಂದಿಯನ್ನು ಮತ್ತೆ ಪರೀಕ್ಷಿಸಿದರು. ಮೂವತ್ತರ ವಯಸ್ಸಿನಲ್ಲಿ ಹಿಡಿತದ ನಷ್ಟ ಸರಾಸರಿ 1.8 ಮಿಲಿಮೀಟರ್ ದಾಟದಿದ್ದವರಿಗೆ ಅರವತ್ತರಲ್ಲೂ ಕನಿಷ್ಠ 20 ಹಲ್ಲು ಉಳಿಯುವ ಸಾಧ್ಯತೆ ಹೆಚ್ಚೆಂದು ಕಂಡುಬಂತು. ಹಾಗಾಗಿ ಮೂವತ್ತರೊಳಗೆ ಒಮ್ಮೆಯಾದರೂ ಒಸಡು ಅಳೆಸಿ, ಆ ಅಂಕಿಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.