ಬೋರ್ಡಿಗೆ ಹೆಸರಿದೆ, ಬಾಗಿಲಲ್ಲಿ ನಿಂತವರಿಗಿಲ್ಲ

ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ಗೆ ಹತ್ತಿರ, ವಾರ್ವಿಕ್ ಲೇನ್ ಎಂಬ ಬೀದಿಯಲ್ಲಿ ಆಕ್ಸ್‌ಫರ್ಡ್ ಆರ್ಮ್ಸ್ ಎಂಬ ತಂಗುದಾಣವೊಂದಿತ್ತು. 1666ರ ಮಹಾ ಬೆಂಕಿಯ ನಂತರ ಮತ್ತೆ ಕಟ್ಟಿದ್ದು. ನಡುವೆ ಅಂಗಳ, ಅದರ ಸುತ್ತ ಮರದ ಕಟಕಟೆಯ ಮೊಗಸಾಲೆಗಳು ಒಂದರ ಮೇಲೊಂದು, ಕೆಳಗೆ ಕುದುರೆ ಮತ್ತು ಸಾಮಾನಿನ ಗಾಡಿಗಳು. ರೈಲು ಬಂದ ಮೇಲೆ ಪ್ರಯಾಣಿಕರು ಕಡಿಮೆಯಾದರು. ಕೋಣೆಗಳು ಬಡ ಬಾಡಿಗೆದಾರರ ಪಾಲಾದವು. 1875ರಲ್ಲಿ ಇದನ್ನು ಕೆಡವುತ್ತಾರೆಂದು ತಿಳಿದಾಗ ಕೆಲವು ಇತಿಹಾಸಪ್ರಿಯರು ಸೇರಿ ಒಂದು ಸಂಘ ಕಟ್ಟಿಕೊಂಡರು. ಹಳೆಯ ಲಂಡನ್ನಿನ ಅವಶೇಷಗಳ ಛಾಯಾಚಿತ್ರ ತೆಗೆಸುವ ಸಂಘವೆಂದೇ ಅದರ ಹೆಸರು. ಆಲ್ಫ್ರೆಡ್ ಮತ್ತು ಜಾನ್ ಬೂಲ್ ಎಂಬವರು ಮೊದಲ ಚಿತ್ರಗಳನ್ನು ತೆಗೆದರು, ಆಮೇಲೆ ಆ ಕೆಲಸ ಹೆನ್ರಿ ಡಿಕ್ಸನ್‌ಗೆ ಬಂತು. 1886ರ ಹೊತ್ತಿಗೆ 120 ಚಿತ್ರಗಳಾದವು. ಬಣ್ಣ ಮಾಸಬಾರದೆಂದು ಅವನ್ನು ಕಾರ್ಬನ್ ವಿಧಾನದಲ್ಲಿ ಮುದ್ರಿಸಿದರು. ಚಿತ್ರ ಉಳಿಯಿತು, ಕಟ್ಟಡ ಉಳಿಯಲಿಲ್ಲ.

ಉರ್ದುವಿನಲ್ಲಿ ಇಂಥ ಜಾಗಕ್ಕೆ ಸರಾಯ್ ಎನ್ನುತ್ತೇವೆ, ಮುಸಾಫಿರರ ತಂಗುಮನೆ. ಕನ್ನಡದಲ್ಲಿ ಸಾರಾಯಿ ಎಂದರೆ 2007ರಲ್ಲಿ ನಮ್ಮ ಸರ್ಕಾರ ನಿಷೇಧಿಸಿದ ವಸ್ತು. ಎರಡೂ ಭಾಷೆಗಳಲ್ಲಿ ಓದಿದ ನನ್ನಂಥವನಿಗೆ ಆಕ್ಸ್‌ಫರ್ಡ್ ಆರ್ಮ್ಸ್‌ನಂಥ ಜಾಗಗಳು ವಿಚಿತ್ರವಾಗಿ ಅರ್ಥವಾಗುತ್ತವೆ. ಅವು ಎರಡೂ ಆಗಿದ್ದವು. ಮದ್ಯ ಮುಟ್ಟದವನಿಗೆ ಪಬ್ಬಿನ ಇತಿಹಾಸವೇಕೆ ಎಂದು ಗೆಳೆಯರೊಬ್ಬರು ಕೇಳಿದರು. ಹಳೆಯ ಬೀದಿಯ ಚಿತ್ರವನ್ನು ಓದಲು ಹೊರಟವರಿಗೆ ಮೊದಲು ಕೈಗೆ ಸಿಗುವ ಹಿಡಿಕೆ ಪಬ್ಬೇ ಎಂಬುದು ನನ್ನ ಉತ್ತರ.

ಬ್ರಿಟನ್ನಿನ ಸಂಶೋಧಕರು ಇದನ್ನು ಚೆನ್ನಾಗಿ ಬಲ್ಲರು. ತಾರೀಖಿಲ್ಲದ, ಊರಿನ ಹೆಸರೂ ಇಲ್ಲದ ಒಂದು ಚಿತ್ರ ಸಿಕ್ಕಿತೆನ್ನಿ. ಮೂಲೆಯಲ್ಲಿ ಪಬ್ಬಿದ್ದರೆ ಅದರ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ಪರವಾನಗಿ ಪಡೆದವನ ಹೆಸರನ್ನೂ ಬಾಗಿಲ ಮೇಲೆ ಬರೆಸಬೇಕೆಂಬ ಕಾನೂನಿದ್ದುದರಿಂದ ಭೂತಗನ್ನಡಿ ಹಿಡಿದರೆ ಅದೂ ಕಾಣುತ್ತದೆ. ಆ ಹೆಸರನ್ನು ವರ್ಷವರ್ಷದ ಪೋಸ್ಟ್ ಆಫೀಸ್ ಡೈರೆಕ್ಟರಿಯಲ್ಲಿ ಹುಡುಕಬೇಕು. ಬೀದಿಬೀದಿಯಾಗಿ, ಮನೆ ನಂಬರಿನ ಪ್ರಕಾರ ಅಲ್ಲಿ ಪಟ್ಟಿಯಿರುತ್ತದೆ. ಪಕ್ಕದ ಅಂಗಡಿಯವನ ಹೆಸರನ್ನೂ ಹೀಗೇ ಹುಡುಕಿ, ಇಬ್ಬರೂ ಅಕ್ಕಪಕ್ಕ ಇದ್ದ ವರ್ಷಗಳು ಯಾವುವೆಂದು ನೋಡಿದರೆ ಚಿತ್ರದ ಕಾಲ ಮೂರು ನಾಲ್ಕು ವರ್ಷಗಳ ಅಂತರಕ್ಕೆ ಇಳಿಯುತ್ತದೆ. ಆರ್ಡ್‌ನೆನ್ಸ್ ಸರ್ವೆ ನಕ್ಷೆಗಳಲ್ಲಿ ಪಬ್ಬಿನ ಜಾಗಕ್ಕೆ ‘ಪಿ.ಎಚ್.’ ಎಂಬ ಗುರುತಿದೆ. 1886ರಿಂದ ಬಂದ ಗೋಡ್ ಕಂಪನಿಯ ಬೆಂಕಿವಿಮೆ ನಕ್ಷೆಗಳಲ್ಲಿ ಕಟ್ಟಡ ಇಟ್ಟಿಗೆಯದೋ ಮರದ್ದೋ ಎಂಬುದೂ ಸಿಗುತ್ತದೆ. ಎಚ್ಚರವೂ ಬೇಕು. ಮಾಲೀಕ ಬದಲಾದ ದಿನವೇ ಪೇಂಟರ್ ಏಣಿ ಹತ್ತುವುದಿಲ್ಲ, ಡೈರೆಕ್ಟರಿಯಲ್ಲಿರುವ ಮಾಹಿತಿಯೂ ಅಚ್ಚಾಗುವ ಹೊತ್ತಿಗೆ ಹಳತಾಗಿರುತ್ತದೆ.

ಇಷ್ಟು ಶಿಸ್ತಿನ ವಿಧಾನವನ್ನು ಮೆಚ್ಚಲೇಬೇಕು. ಆದರೆ ನನ್ನ ತಕರಾರು ಇಲ್ಲಿಂದಲೇ ಆರಂಭವಾಗುತ್ತದೆ. ಬೋರ್ಡು ಇದ್ದವನಿಗೆ ಮಾತ್ರ ಹೆಸರು ಸಿಗುವ ವಿಧಾನ ಇದು. ಡೈರೆಕ್ಟರಿ ಮುಖ್ಯವಾಗಿ ವ್ಯಾಪಾರಿಗಳದು, ಮನೆಯೊಡೆಯರದು. ಮೇಲಿನ ಕೋಣೆಯ ಬಾಡಿಗೆದಾರ, ಪಬ್ಬಿನ ಪಾತ್ರೆ ತೊಳೆಯುವ ಹುಡುಗಿ, ಹಿತ್ತಲಿನ ಗಲ್ಲಿಯವರು ಅದರಲ್ಲಿಲ್ಲ. ಆಕ್ಸ್‌ಫರ್ಡ್ ಆರ್ಮ್ಸ್‌ನ ಚಿತ್ರಗಳನ್ನೇ ನೋಡಿ. ಸಂಘದ ಪರವಾಗಿ ಆಲ್ಫ್ರೆಡ್ ಮಾರ್ಕ್ಸ್ ಬರೆದ ವಿವರಣೆಗಳಿಗೆ ಕಟ್ಟಡದ ವಯಸ್ಸು, ವಂಶಾವಳಿಯೇ ಮುಖ್ಯ. ಕಟಕಟೆಗೆ ಮರುಗಿದ ಆ ಸಜ್ಜನರ ಕಣ್ಣಿಗೆ ಅದರ ಹಿಂದಿನ ಕೋಣೆಗಳಲ್ಲಿ ಬದುಕುತ್ತಿದ್ದವರು ‘ಅವಶೇಷ’ಗಳ ಪಟ್ಟಿಯಲ್ಲಿ ಬರಲಿಲ್ಲ. ಅವರು ಎಲ್ಲಿಗೆ ಹೋದರು ಎಂಬುದು ಸಂಘದ ಪ್ರಶ್ನೆಯೇ ಆಗಿರಲಿಲ್ಲ.

ಇದಕ್ಕಿಂತ ಕೆಲವು ವರ್ಷ ಮೊದಲು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ತದ್ವಿರುದ್ಧ ಉದ್ದೇಶಕ್ಕೆ ಇಂಥದೇ ಕೆಲಸ ನಡೆದಿತ್ತು. 1866ರ ನಗರ ಸುಧಾರಣಾ ಕಾಯ್ದೆಯ ಪ್ರಕಾರ ಹಳೆಯ ಕಿಕ್ಕಿರಿದ ವಸತಿಗಳನ್ನು ಕೆಡವುವ ಅಧಿಕಾರ ಒಂದು ಟ್ರಸ್ಟ್‌ಗೆ ಬಂತು. ಅದರ ಖರ್ಚಿಗೆ ಹಾಕಿದ ತೆರಿಗೆಯಿಂದ ಜನ ಸಿಟ್ಟಾಗಿ ಜಾನ್ ಬ್ಲ್ಯಾಕಿ ಎಂಬ ಲಾರ್ಡ್ ಪ್ರೊವೋಸ್ಟ್ ಅದೇ ವರ್ಷ ಚುನಾವಣೆಯಲ್ಲಿ ಸೋತರು. ಕೆಡವುವ ಮೊದಲು ದಾಖಲೆಗಾಗಿ ಟ್ರಸ್ಟ್ ಥಾಮಸ್ ಅನ್ನಾನ್ ಎಂಬ ಛಾಯಾಗ್ರಾಹಕನನ್ನು ನೇಮಿಸಿತು. 1868ರಿಂದ 1871ರವರೆಗೆ ಅವನು ಹೈ ಸ್ಟ್ರೀಟ್, ಸಾಲ್ಟ್‌ಮಾರ್ಕೆಟ್ ಸುತ್ತಿನ ಸಂದಿಗಳಲ್ಲಿ ಕ್ಯಾಮೆರಾ ಹೂಡಿದ. ಅಲ್ಲಿನವರು ಅಂಥ ಸಂದಿಗೆ ‘ಕ್ಲೋಸ್’ ಎನ್ನುತ್ತಾರೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕು, ಅಷ್ಟು ಇಕ್ಕಟ್ಟು. ಬಿಸಿಲು ತಳ ಮುಟ್ಟುವುದಿಲ್ಲ. ಗಾಜಿನ ಹಲಗೆಗೆ ದ್ರಾವಣ ಸವರಿ, ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಾದ ಕಾಲ ಅದು. ಆ ಕತ್ತಲಲ್ಲಿ ಮಸೂರವನ್ನು ಬಹಳ ಹೊತ್ತು ತೆರೆದಿಡಬೇಕಿತ್ತು. ಗೋಡೆ ಕದಲಲಿಲ್ಲ, ಆದ್ದರಿಂದ ಪ್ರತಿ ಕಲ್ಲೂ ಸ್ಪಷ್ಟ. ಮಕ್ಕಳು ಕದಲಿದರು, ಆದ್ದರಿಂದ ಅವರು ಹೊಗೆ. ಎದ್ದು ಹೋದವರ ಗುರುತೂ ಉಳಿಯಲಿಲ್ಲ. ಈ ಚಿತ್ರಗಳನ್ನು ನೋಡಿ ಬೀದಿ ನಿರ್ಜನವಾಗಿತ್ತು ಎಂದು ಭಾವಿಸುವುದು ದೊಡ್ಡ ತಪ್ಪು. ಖಾಲಿಯಾಗಿ ಕಾಣುವಲ್ಲೇ ಓಡಾಟ ಹೆಚ್ಚಿದ್ದಿರಬಹುದು.

ಅನ್ನಾನ್‌ನ ಚಿತ್ರಗಳಿಗೆ ಶೀರ್ಷಿಕೆಗಳು ಹೀಗಿವೆ: ಕ್ಲೋಸ್, ನಂ. 118, ಹೈ ಸ್ಟ್ರೀಟ್. ಕ್ಲೋಸ್, ನಂ. 46, ಸಾಲ್ಟ್‌ಮಾರ್ಕೆಟ್. ಜಮೀನು ಸ್ವಾಧೀನದ ಕಡತಕ್ಕೆ ಇಷ್ಟು ಸಾಕು. ಈ ಚಿತ್ರಗಳನ್ನು ಬಡವರ ಪರವಾದ ಕರುಣೆಯ ದಾಖಲೆ ಎಂದು ಹೊಗಳುವವರನ್ನು ನಾನು ಒಪ್ಪುವುದಿಲ್ಲ. ಹಣ ಕೊಟ್ಟವರು ಕೆಡವುವವರು. ಸುಧಾರಣೆ ಬೇಕಿರಲಿಲ್ಲ ಎಂದಲ್ಲ, ಟೈಫಸ್, ಕಾಲರಾ ಸುಳ್ಳಲ್ಲ. ಆದರೆ ಟ್ರಸ್ಟ್ ಕೆಡವಿದಷ್ಟು ಬೇಗ ಕಟ್ಟಲಿಲ್ಲ. 1878ರಲ್ಲಿ ಸಿಟಿ ಆಫ್ ಗ್ಲಾಸ್ಗೋ ಬ್ಯಾಂಕ್ ಮುಳುಗಿದ ಮೇಲೆ ಕೆಲಸ ಇನ್ನೂ ಕುಂಟಿತು.

ಚಿತ್ರದ ಜೊತೆ ಮನುಷ್ಯರ ಮಾತೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಜಾನ್ ಥಾಮ್ಸನ್ ಮತ್ತು ಅಡಾಲ್ಫ್ ಸ್ಮಿತ್ 1877-78ರಲ್ಲಿ ತಿಂಗಳ ಕಂತುಗಳಾಗಿ ತಂದ ಲಂಡನ್ ಬೀದಿಬದುಕಿನ ಪುಸ್ತಕ ಸಾಕ್ಷಿ. ಅದರಲ್ಲಿ ವೈಟ್‌ಚಾಪಲ್‌ನ ಪಬ್ಬಿನ ಬಾಗಿಲಲ್ಲಿ ತೆಗೆದ ಚಿತ್ರವೊಂದಿದೆ. ಕೈ ಕಳೆದುಕೊಂಡು ಕೊಕ್ಕೆ ಹಾಕಿಕೊಂಡ ಒಬ್ಬ ಕೆಲಸಗಾರ, ‘ಹೂಕಿ ಆಲ್ಫ್’ ಎಂದು ಕರೆಯಲ್ಪಟ್ಟವನು, ಅಲ್ಲಿದ್ದಾನೆ. ಒಂದು ಚಿಕ್ಕ ಹುಡುಗಿಯೂ ಇದ್ದಾಳೆ, ಒಳಗಿರುವ ತನ್ನವರನ್ನು ಮನೆಗೆ ಕರೆದೊಯ್ಯಲು ಬಂದವಳು. ಬರಹವಿಲ್ಲದಿದ್ದರೆ ಅವಳು ಚಿತ್ರದಲ್ಲಿ ಅಡ್ಡ ಬಂದ ಹುಡುಗಿಯಷ್ಟೇ ಆಗುತ್ತಿದ್ದಳು. ಸ್ಮಿತ್‌ನ ಬರವಣಿಗೆಯಲ್ಲಿ ಉಪದೇಶ ಜಾಸ್ತಿ ನಿಜ. ಆದರೂ ಅವನು ಜನರನ್ನು ಮಾತಾಡಿಸಿದ್ದ. ಪಬ್ಬಿನ ಇತಿಹಾಸದಲ್ಲಿ ಒಳಗೆ ಕುಡಿದವರಷ್ಟೇ ಹೊರಗೆ ಕಾದವರೂ ಇದ್ದಾರೆಂದು ನನಗೆ ಕಾಣಿಸಿದ ಚಿತ್ರ ಅದೊಂದೇ.

ಈಗ ಹಳೆಯ ಚಿತ್ರಗಳು ಫೋನಿನಲ್ಲೇ ಸಿಗುತ್ತವೆ. ಕಂಪ್ಯೂಟರು ಅವಕ್ಕೆ ಬಣ್ಣವನ್ನೂ ಹಚ್ಚಿ ಕೊಡುತ್ತದೆ. ಇಟ್ಟಿಗೆ ಕೆಂಪಾಗುತ್ತದೆ, ಹೆಂಗಸಿನ ಲಂಗ ನೀಲಿಯಾಗುತ್ತದೆ. ಯಾವ ಲಂಗ ಯಾವ ಬಣ್ಣದ್ದಿತ್ತು ಎಂದು ಆ ಯಂತ್ರಕ್ಕೆ ಯಾರೂ ಹೇಳಿಲ್ಲ. ನೋಡಲು ಚೆಂದ, ಸಾಕ್ಷಿಯಾಗಿ ನಿರುಪಯುಕ್ತ.

ಯಂತ್ರವನ್ನು ಬೈದು ನಾನು ತಪ್ಪಿಸಿಕೊಳ್ಳುವಂತಿಲ್ಲ, ಕಥೆಗಾರರೂ ಅದನ್ನೇ ಮಾಡುತ್ತೇವೆ. ಗ್ಲಾಸ್ಗೋದ ಒಂದು ಸಂದಿಯಲ್ಲಿ ಮಬ್ಬಾಗಿ ನಿಂತ ಹೆಂಗಸಿಗೆ ನಾನು ಹೆಸರಿಟ್ಟು, ಗಂಡನನ್ನು ಪಬ್ಬಿನಲ್ಲಿ ಕೂರಿಸಿ, ನಾಲ್ಕು ಪುಟ ಬರೆದೂ ಆಗಿತ್ತು. ಆಮೇಲೆ ಹೊಳೆದದ್ದು ಬೇರೆ. ಹೆಸರು ಕೊಡದ ಆ ನಂಬರಿನಿಂದಲೇ ಹೆಸರುಗಳನ್ನು ಹುಡುಕಬಹುದು. ಬ್ರಿಟನ್ನಿನ ಜನಗಣತಿ ಹತ್ತು ವರ್ಷಕ್ಕೊಮ್ಮೆ, ಆ ರಾತ್ರಿ ಆ ಸೂರಿನಡಿ ಮಲಗಿದ್ದ ಪ್ರತಿಯೊಬ್ಬರ ಹೆಸರು, ವಯಸ್ಸು, ಕಸುಬು, ಹುಟ್ಟಿದ ಊರನ್ನು ಬರೆದಿಟ್ಟಿದೆ. ಅನ್ನಾನ್‌ನ ಕೆಲಸದ ಅವಧಿಗೆ 1861 ಮತ್ತು 1871ರ ಪುಸ್ತಕಗಳು ಹತ್ತಿರದವು. ಆಕ್ಸ್‌ಫರ್ಡ್ ಆರ್ಮ್ಸ್‌ನ ಬಾಡಿಗೆದಾರರಿಗೂ 1871ರದೇ ಹತ್ತಿರ. ಅಲ್ಲಿ ಮನೆಯೊಡೆಯನಂತೆ ಲಾಡ್ಜರನಿಗೂ ಒಂದು ಸಾಲಿದೆ. ಐರ್ಲೆಂಡಿನಿಂದ, ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯಿಂದ ಹೊಟ್ಟೆಪಾಡಿಗೆ ಗ್ಲಾಸ್ಗೋಗೆ ಬಂದವರು ಅಲ್ಲಿ ಹೆಸರಿನೊಂದಿಗೆ ಇದ್ದಾರೆ. ಯಾವ ಹೆಸರು ಯಾವ ಮುಖದ್ದು ಎಂದು ಮಾತ್ರ ಗಣತಿ ಪುಸ್ತಕ ಹೇಳುವುದಿಲ್ಲ.

ಆ ನಾಲ್ಕು ಪುಟಗಳನ್ನು ನಾನು ಮುಂದುವರಿಸಲಿಲ್ಲ.