ಸರಳತೆಯ ನಿಕಷ: ಮಿಂಚಂಚೆಯ ಆಯ್ಕೆಯನ್ನು ಕುರಿತು ಒಂದು ವಿವೇಚನೆ

ಇ-ಮೇಲ್ ಎಂದು ಎಲ್ಲರೂ ಕರೆಯುವ, ಕನ್ನಡದಲ್ಲಿ ಮಿಂಚಂಚೆಯೆಂಬ ಹೆಸರನ್ನೂ ಪಡೆದಿರುವ ಪತ್ರಸಾಧನವು ಇಂದು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅನಿವಾರ್ಯವಾಗಿದೆ. ಪ್ರಬಂಧವನ್ನು ಒಪ್ಪಿಸುವುದು, ದೂರದ ವಿದ್ವಾಂಸರೊಡನೆ ಪಾಠಾಂತರವನ್ನು ಚರ್ಚಿಸುವುದು, ಹಸ್ತಪ್ರತಿಯ ಛಾಯಾಚಿತ್ರವನ್ನು ತರಿಸಿಕೊಳ್ಳುವುದು ಇವೆಲ್ಲವೂ ಅದರ ಮೂಲಕವೇ ನಡೆಯುತ್ತಿವೆ. ಆದರೂ ಯಾವ ಸಂಸ್ಥೆಯ ಅಂಚೆಯನ್ನು ಆರಿಸಿಕೊಳ್ಳಬೇಕೆಂಬುದನ್ನು ನಾವು ವಿಚಾರಮಾಡಿ ನಿರ್ಧರಿಸುವುದು ಅಪರೂಪ. ಬೇಗ ತೆರೆಯುತ್ತದೆ, ಸುಲಭವಾಗಿದೆ, ಹಣ ಕೊಡಬೇಕಾಗಿಲ್ಲ ಎಂಬ ಮೂರು ಮಾತುಗಳಲ್ಲಿ ವಿಚಾರವು ಮುಗಿದುಹೋಗುತ್ತದೆ. ಈ ಮೂರೂ ಗುಣಗಳೇ ಹೌದು. ಆದರೆ ಅಷ್ಟೇ ಸಾಕೆ ಎಂಬುದು ಪ್ರಕೃತ ಲೇಖನದ ಪ್ರಶ್ನೆ.

ಗುಣವು ತನ್ನ ಸ್ಥಾನದಲ್ಲಿದ್ದಾಗ ಮಾತ್ರವೇ ಗುಣವೆನಿಸುತ್ತದೆಂಬುದು ಕ್ಷೇಮೇಂದ್ರನು ಪ್ರತಿಪಾದಿಸಿದ ಔಚಿತ್ಯವಿಚಾರದ ತಿರುಳು. ಅಂತರಜಾಲದ ಸಾಧನಗಳಿಗೂ ಇದು ಅನ್ವಯಿಸುತ್ತದೆ. ಒಂದು ಕಡತದ ರೂಪವನ್ನು ಬದಲಾಯಿಸಿಕೊಡುವ, ಚಿತ್ರದ ಗಾತ್ರವನ್ನು ಕುಗ್ಗಿಸಿಕೊಡುವ ಎಷ್ಟೋ ತಾಣಗಳುಂಟು. ಅವುಗಳೊಡನೆ ನಮ್ಮ ಸಂಬಂಧ ಕ್ಷಣಕಾಲದ್ದು. ಆದ್ದರಿಂದ ವೇಗವೂ ಸರಳತೆಯೂ ಅಲ್ಲಿ ಯೋಗ್ಯವಾದ ಅಳತೆಗೋಲುಗಳು. ಅಂಥ ತಾಣಗಳಲ್ಲಿ ಅನೇಕವು ನಾವು ಕೊಟ್ಟ ಕಡತವನ್ನು ತಮ್ಮ ಯಂತ್ರಕ್ಕೆ ತರಿಸಿಕೊಂಡೇ ಕೆಲಸ ಮಾಡುವುದರಿಂದ, ಪ್ರಶ್ನೆಪತ್ರಿಕೆಯನ್ನಾಗಲಿ ಅಪ್ರಕಟಿತ ಪ್ರಬಂಧವನ್ನಾಗಲಿ ಅಲ್ಲಿಗೆ ಒಪ್ಪಿಸಲಾಗದೆಂಬ ಒಂದು ಎಚ್ಚರಿಕೆಯಿದ್ದರೆ ಸಾಕು. ಅಂಚೆಯ ಸಂಬಂಧವಾದರೋ ಹತ್ತಿಪ್ಪತ್ತು ವರ್ಷಗಳದು. ಕ್ಷಣಿಕವಾದುದನ್ನು ಅಳೆಯುವ ಕೋಲಿನಿಂದಲೇ ದೀರ್ಘವಾದುದನ್ನೂ ಅಳೆದರೆ ತೀರ್ಮಾನವು ತಪ್ಪುವುದು ಸಹಜ.

ಇನ್ನು ಸರಳತೆಯಲ್ಲಿಯೂ ಎರಡು ಬಗೆಗಳುಂಟು. ನಮ್ಮ ಆಲಂಕಾರಿಕರು ಪ್ರಸಾದಗುಣವೆಂದು ಕರೆದುದು ತಿಳಿನೀರಿನಂತಹ ಸರಳತೆ. ಅಲ್ಲಿ ತಳವು ಕಾಣುತ್ತದೆ. ಮತ್ತೊಂದು, ಒಳಗಿನದನ್ನು ಮುಚ್ಚಿ ಮೇಲ್ಮೈಯನ್ನು ನುಣುಪಾಗಿಸಿದ ಸರಳತೆ. ಮಿಂಚಂಚೆಯು ಹುಟ್ಟಿನಿಂದ ಮೊದಲನೆಯ ಬಗೆಗೆ ಸೇರಿದುದು. 1971ರಲ್ಲಿ ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ರೇ ಟಾಮ್ಲಿನ್‌ಸನ್ ಎಂಬ ತಂತ್ರಜ್ಞರು ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಪತ್ರವನ್ನು ಕಳುಹಿಸಿ, ವಿಳಾಸದಲ್ಲಿ ವ್ಯಕ್ತಿಯನ್ನೂ ಅವನ ಮನೆಯನ್ನೂ ಬೇರ್ಪಡಿಸಲು '@' ಚಿಹ್ನೆಯನ್ನು ಬಳಸಿದರು. 1982ರಲ್ಲಿ ಜಾನ್ ಪೋಸ್ಟೆಲ್ ಅವರು ಪತ್ರರವಾನೆಯ ನಿಯಮಾವಳಿಯನ್ನು ಬರೆದು ಪ್ರಕಟಿಸಿದರು. ಕಳುಹಿಸುವವನಾರು, ಪಡೆಯುವವನಾರು, ಒಡಲು ಯಾವುದು ಎಂಬುದನ್ನು ಕೆಲವೇ ಆಜ್ಞೆಗಳಲ್ಲಿ ತಿಳಿಸುವ ಈ ನಿಯಮಾವಳಿ ಯಾರ ಸೊತ್ತೂ ಅಲ್ಲ. ಒಂದು ಸಂಸ್ಥೆಯ ಅಂಚೆಯಿಂದ ಮತ್ತೊಂದರ ಅಂಚೆಗೆ ಪತ್ರವು ಇಂದಿಗೂ ತಡೆಯಿಲ್ಲದೆ ಹೋಗುತ್ತಿರುವುದು ಇದರ ಫಲ.

ಈ ಅಡಿಪಾಯದ ಮೇಲೆ ನಿಂತ ಸೇವೆಗಳ ಕಥೆ ಬೇರೆ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲವು ದೊರೆತುದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆ ಕಾಲದಲ್ಲಿ ಸಾಮಾನ್ಯ ಬಳಕೆದಾರನ ವಿಳಾಸವು ಸಂಪರ್ಕ ಕೊಟ್ಟ ಸಂಸ್ಥೆಗೇ ಅಂಟಿಕೊಂಡಿರುತ್ತಿತ್ತು. ಸಂಸ್ಥೆಯನ್ನು ಬಿಟ್ಟರೆ ವಿಳಾಸವೂ ಹೋಗುತ್ತಿತ್ತು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಅವರೊಡನೆ 1996ರ ಜುಲೈ 4ರಂದು ಅಮೆರಿಕದಲ್ಲಿ ಆರಂಭಿಸಿದ ಹಾಟ್‌ಮೇಲ್ ಈ ಕಟ್ಟನ್ನು ಬಿಡಿಸಿತು. ಯಾವ ಊರಿನ ಯಾವ ಕಂಪ್ಯೂಟರಿನಿಂದಲಾದರೂ, ಹಣವಿಲ್ಲದೆ, ತನ್ನ ಪತ್ರವನ್ನು ತಾನು ಓದಬಹುದಾಯಿತು. ಇದು ನಿಜವಾದ ಸ್ವಾತಂತ್ರ್ಯವೇ ಸರಿ. 1997ರ ಕೊನೆಯಲ್ಲಿ ಅದನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿತು. 2013ರ ಹೊತ್ತಿಗೆ ಸೇವೆಯ ಹೆಸರು ಔಟ್‌ಲುಕ್ ಎಂದಾಯಿತು. ಹಳೆಯ ವಿಳಾಸಗಳು ಉಳಿದುವು. ಆದರೆ ಅವು ಉಳಿದುದು ಕೊಂಡವರ ನಿರ್ಧಾರದಿಂದ. ಬಳಕೆದಾರರನ್ನು ಯಾರೂ ಕೇಳಿರಲಿಲ್ಲ.

2004ರ ಏಪ್ರಿಲ್ 1ರಂದು ಜಿಮೇಲ್ ಬಂದಿತು. ಹಾಟ್‌ಮೇಲ್ 2 ಮೆಗಾಬೈಟ್ ಸ್ಥಳವನ್ನು ಕೊಡುತ್ತಿದ್ದಾಗ ಅದು 1 ಗಿಗಾಬೈಟ್, ಎಂದರೆ ಸುಮಾರು 500 ಪಟ್ಟು, ಕೊಡುವೆನೆಂದಿತು. ಏಪ್ರಿಲ್ ಮೊದಲ ದಿನದ ವಿನೋದವೆಂದು ಹಲವರು ಭಾವಿಸಿದರು. ಪತ್ರಗಳನ್ನು ಅಳಿಸಬೇಕಾದ ಕಷ್ಟ ತಪ್ಪಿತು, ಬೇಕಾದುದನ್ನು ಕ್ಷಣದಲ್ಲಿ ಹುಡುಕುವ ಅನುಕೂಲವೂ ದೊರೆಯಿತು. ಇದರ ಬೆಲೆಯನ್ನು ಬೇರೊಂದು ಕಡೆಯಲ್ಲಿ ತೆರಬೇಕಾಗಿತ್ತು. ಪತ್ರದ ಒಡಲನ್ನು ಯಂತ್ರವು ಓದಿ, ಅದಕ್ಕೆ ಹೊಂದುವ ಜಾಹೀರಾತನ್ನು ಪಕ್ಕದಲ್ಲಿ ತೋರಿಸುತ್ತಿತ್ತು. ಜಾಹೀರಾತಿಗಾಗಿ ಹೀಗೆ ಓದುವುದನ್ನು ನಿಲ್ಲಿಸುವುದಾಗಿ ಗೂಗಲ್ ಸಂಸ್ಥೆಯು ತಿಳಿಸಿದುದು 2017ರಲ್ಲಿ. ಬಳಕೆಯ ಸುಲಭತೆಯಲ್ಲಿ ಈ ಸೇವೆಯು ಮೇಲಾದುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಬಡ ವಿದ್ಯಾರ್ಥಿಗೂ ಪ್ರಸಿದ್ಧ ಪ್ರಾಧ್ಯಾಪಕರಿಗೂ ಅದು ಒಂದೇ ಬಾಗಿಲನ್ನು ತೆರೆಯಿತೆಂಬ ಕೀರ್ತಿಯೂ ಅದಕ್ಕೆ ಸಲ್ಲಬೇಕು. ಆದರೆ ಆ ಸುಲಭತೆಯು ತಳ ಕಾಣುವ ಬಗೆಯದಲ್ಲವೆಂಬುದನ್ನು ಮರೆಯಲಾಗದು.

ಹಾಗಾದರೆ ಅಂಚೆಗೆ ಉಚಿತವಾದ ನಿಕಷ ಯಾವುದು? ಸೇರುವ ದಿನದ ಅನುಕೂಲಕ್ಕಿಂತ ಬಿಡುವ ದಿನದ ಸ್ವಾತಂತ್ರ್ಯವನ್ನು ಮೊದಲು ಪರೀಕ್ಷಿಸಬೇಕೆಂಬುದು ನಮ್ಮ ಅಭಿಪ್ರಾಯ. ದೂರವಾಣಿಯ ಸಂಸ್ಥೆಯನ್ನು ಬದಲಾಯಿಸಿದರೂ ಸಂಖ್ಯೆಯನ್ನು ಉಳಿಸಿಕೊಳ್ಳುವ ಅವಕಾಶವು 2011ರಿಂದ ಭಾರತದಾದ್ಯಂತ ಮೊಬೈಲ್ ಬಳಕೆದಾರರಿಗೆ ದೊರೆತಿದೆ. ಮಿಂಚಂಚೆಯ ವಿಳಾಸಕ್ಕೆ ಅಂಥ ಅವಕಾಶವಿಲ್ಲ; '@' ಚಿಹ್ನೆಯ ಮುಂದಿನ ಮನೆ ಪರರದಾದುದರಿಂದ ಅದನ್ನು ಹೊತ್ತುಕೊಂಡು ಹೋಗಲು ಬಾರದು. ಪತ್ರಗಳ ಸಂಗ್ರಹವನ್ನಾದರೂ ಕೊಂಡೊಯ್ಯಬಹುದೆ? ಗೂಗಲ್ ಸಂಸ್ಥೆಯು 2013ರ ಕೊನೆಯಿಂದ ಇದಕ್ಕೆ ಟೇಕ್‌ಔಟ್ ಎಂಬ ವ್ಯವಸ್ಥೆಯನ್ನು ಇಟ್ಟಿದೆ. ಇದು ಮೆಚ್ಚತಕ್ಕ ಸಂಗತಿ. ಯಾಹೂ ಸಂಸ್ಥೆಯಾದರೋ ಹೊಸ ವಿಳಾಸಕ್ಕೆ ಪತ್ರಗಳನ್ನು ತಾನಾಗಿಯೇ ರವಾನಿಸುವ ಸೌಕರ್ಯವನ್ನು ಹಣ ಕೊಡದವರಿಗೆ 2021ರ ಜನವರಿಯಿಂದ ನಿಲ್ಲಿಸಿಬಿಟ್ಟಿತು.

ವಿದ್ವತ್ಪ್ರಪಂಚಕ್ಕೆ ಈ ಪರೀಕ್ಷೆ ಹೆಚ್ಚು ಮುಖ್ಯ. ಹಿಂದಿನ ತಲೆಮಾರಿನ ವಿದ್ವಾಂಸರ ಪತ್ರಗಳು ಮನೆಯ ಪೆಟ್ಟಿಗೆಗಳಲ್ಲಿ ಉಳಿದು ಸಾಹಿತ್ಯಚರಿತ್ರೆಗೆ ಆಕರಗಳಾದುವು. ಇಂದಿನವರ ಪೆಟ್ಟಿಗೆ ಪರರ ಮನೆಯಲ್ಲಿದೆ. 2 ವರ್ಷ ಬಳಸದೆ ಬಿಟ್ಟ ಖಾಸಗಿ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ ಸಂಸ್ಥೆಯು 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಖಾತೆಯು ನಿಷ್ಕ್ರಿಯವಾದರೆ ಅದರಲ್ಲಿರುವುದು ಯಾರಿಗೆ ಸೇರಬೇಕೆಂದು ಮೊದಲೇ ಸೂಚಿಸುವ ಏರ್ಪಾಡು 2013ರಿಂದಲೂ ಉಂಟು. ಅದನ್ನು ಉಪಯೋಗಿಸದೆ ವಿದ್ವಾಂಸನೊಬ್ಬನು ತೀರಿಕೊಂಡರೆ ಅವನ ಜೀವಮಾನದ ಪತ್ರವ್ಯವಹಾರವೇ ಇಲ್ಲವಾಗಬಹುದು. ವಿಶ್ವವಿದ್ಯಾನಿಲಯವು ಕೊಟ್ಟ ವಿಳಾಸವೂ ನಿವೃತ್ತಿಯ ನಂತರ ಉಳಿಯುವುದೆಂಬ ಭರವಸೆಯಿಲ್ಲ. ಪ್ರಕಟಿತ ಲೇಖನದ ಕೆಳಗೆ ಅಚ್ಚಾದ ಆ ವಿಳಾಸಕ್ಕೆ ಬರೆದವನಿಗೆ ಉತ್ತರವೇ ಬಾರದಿರಬಹುದು.

ಹಣ ಕೊಟ್ಟು ಪಡೆಯುವ ಅಂಚೆಗಳೂ ಇವೆ. ಆಸ್ಟ್ರೇಲಿಯದ ಫಾಸ್ಟ್‌ಮೇಲ್ 1999ರಿಂದ ನಡೆದುಬಂದಿದೆ. ಸ್ವಿಟ್ಜರ್ಲೆಂಡಿನಲ್ಲಿ 2014ರಲ್ಲಿ ಆರಂಭವಾದ ಪ್ರೋಟಾನ್ ಮೇಲ್, ತನ್ನ ಬಳಕೆದಾರರು ಪರಸ್ಪರ ಬರೆದ ಪತ್ರದ ಒಡಲನ್ನು ತಾನೂ ಓದಲಾಗದಂತೆ ಗೂಢಲಿಪಿಗೆ ತಿರುಗಿಸುತ್ತದೆ. ಆದರೆ ವಿಷಯವನ್ನು ಸೂಚಿಸುವ ಸಾಲಿಗೆ ಈ ರಕ್ಷಣೆಯಿಲ್ಲ. ಹೊರಗಿನ ಅಂಚೆಗೆ ಸಾಮಾನ್ಯ ರೀತಿಯಲ್ಲಿ ಹೋದ ಪತ್ರಕ್ಕೂ ಇಲ್ಲ. ಹಣ ತೆತ್ತ ಮಾತ್ರಕ್ಕೆ ಎಲ್ಲವೂ ಸಿದ್ಧಿಸಿತೆಂದು ತಿಳಿಯಬಾರದು. ಸ್ವಂತ ಹೆಸರಿನ ಡೊಮೇನನ್ನು ವರ್ಷವರ್ಷವೂ ಶುಲ್ಕ ತೆತ್ತು ಇಟ್ಟುಕೊಂಡು, ಅದರ ಅಂಚೆಯನ್ನು ಬೇಕಾದ ಸಂಸ್ಥೆಗೆ ವಹಿಸುವುದು ಇದಕ್ಕಿಂತ ಭದ್ರವಾದ ಮಾರ್ಗ. ಆಗ ಸಂಸ್ಥೆಯು ಬದಲಾದರೂ ವಿಳಾಸವು ಬದಲಾಗುವುದಿಲ್ಲ.

ಕನ್ನಡಿಗರಿಗೆ ಈ ಪಾಠ ಹೊಸದಾಗಬೇಕಾಗಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಕ್ಷರವಿನ್ಯಾಸದಲ್ಲಿ ಬರೆದ ಪತ್ರವು, ಅದೇ ವಿನ್ಯಾಸವಿಲ್ಲದವನಿಗೆ ಅರ್ಥವಾಗದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಬರೆಯುವವನಿಗೆ ಅದು ಸುಲಭವೇ ಆಗಿತ್ತು. ಓದುವವನಿಗೂ ಮುಂದಿನ ಕಾಲಕ್ಕೂ ಸುಲಭವಾದುದು ಎಲ್ಲರಿಗೂ ಸಮಾನವಾದ ಸಂಕೇತವನ್ನು ಒಪ್ಪಿಕೊಂಡ ಮೇಲೆ.

ಆದಕಾರಣ ಅಂಚೆಯನ್ನು ಆರಿಸುವವರು ವೇಗವನ್ನು ನೋಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದೊಳಿತು: ಈ ವಿಳಾಸವು ಯಾರದು? ಪತ್ರಗಳನ್ನು ಯಾರು ಓದಬಲ್ಲರು? ಬಿಟ್ಟುಹೋಗುವಾಗ ನಾವು ಕೊಂಡೊಯ್ಯುವುದೇನು? ಯಾವ ಸೇವೆಯನ್ನು ಬಳಸಿದರೂ ವರ್ಷಕ್ಕೊಮ್ಮೆ ಪತ್ರಗಳ ಪ್ರತಿಯೊಂದನ್ನು ತಮ್ಮಲ್ಲಿಯೇ ಇಳಿಸಿಟ್ಟುಕೊಳ್ಳುವ ಅಭ್ಯಾಸವನ್ನು ಅಧ್ಯಾಪಕರು ಬೆಳೆಸಿಕೊಳ್ಳಬೇಕು. ನಿವೃತ್ತರಾದವರ ವಿಳಾಸಗಳನ್ನು ಉಳಿಸುವ, ಅವರು ಒಪ್ಪಿದಲ್ಲಿ ಅವರ ಪತ್ರಸಂಗ್ರಹವನ್ನು ಗ್ರಂಥಾಲಯದಲ್ಲಿ ರಕ್ಷಿಸುವ ಹೊಣೆಯನ್ನು ವಿಶ್ವವಿದ್ಯಾನಿಲಯಗಳು ವಹಿಸಬೇಕೆಂದು ನಾವು ಸೂಚಿಸುತ್ತೇವೆ.